ಮನೆಯಲ್ಲಿ ಹಾಡಿಟ್ಟ ಡೆಮೋ ಸ್ಟುಡಿಯೋಗೆ ಹೋದಾಗ ಏನನ್ನು ಉಳಿಸಿಕೊಳ್ಳಬೇಕು?

ಪ್ರಶ್ನೆ: ಸಕಲೇಶಪುರದ ಹಾಡುಗ

ಭಾವಗೀತೆಯೊಂದಕ್ಕೆ ರಾಗ ಹಾಕಿ, ಮನೆಯ ಹಳೆಯ ಹಾರ್ಮೋನಿಯಂ ನುಡಿಸಿಕೊಂಡು ಮೊಬೈಲಿನಲ್ಲಿ ಡೆಮೋ, ಎಂದರೆ ಮಾದರಿ ಮುದ್ರಣವಾಗಿ, ಹಾಡಿ ಇಟ್ಟಿದ್ದೇನೆ. ಹೆಂಚಿನ ಮೇಲೆ ಬೀಳುವ ಮಳೆಯ ಸದ್ದೂ ಅದರಲ್ಲಿ ಸೇರಿಕೊಂಡಿದೆ. ಪರಿಚಯದ ವಾದ್ಯ ಸಂಯೋಜಕರೊಬ್ಬರು ಕೀಬೋರ್ಡಿನಲ್ಲಿ ಸಿದ್ಧಪಡಿಸಿದ ಟ್ರ್ಯಾಕಿಗೆ ಅದನ್ನೇ ಹಾಡಿ ನೋಡಿದಾಗ, ಸಾಹಿತ್ಯ, ಸ್ವರ ಒಂದೂ ಬದಲಾಗದಿದ್ದರೂ ಹಾಡು ಪೇಲವವಾಗಿ ಕೇಳಿಸಿತು. ಬೆಂಗಳೂರಿನ ಸ್ಟುಡಿಯೋದಲ್ಲಿ ಮುದ್ರಿಸುವ ಮುನ್ನ ಮನೆಯಲ್ಲೇ ಏನೇನು ನಿಶ್ಚಯಿಸಿಕೊಳ್ಳಬೇಕು, ಯಾವುದನ್ನು ಅಲ್ಲಿಯವರಿಗೆ ಬಿಡಬೇಕು ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ: ಹಾಸನದ ರೆಕಾರ್ಡಿಂಗ್‌ನವ

ತೊಂದರೆ ಬಹುಮಟ್ಟಿಗೆ ಲಯದಲ್ಲಿರಬೇಕು. ಒಬ್ಬರೇ ಕುಳಿತು ಹಾಡುವಾಗ ಚರಣದ ಕೊನೆಯ ಸಾಲನ್ನು ನಾವು ತುಸು ಎಳೆದು, ಪಲ್ಲವಿಗೆ ಮರಳುವಾಗ ಚೂರು ಓಡುತ್ತೇವೆ. ಕ್ಲಿಕ್ ಟ್ರ್ಯಾಕ್, ಎಂದರೆ ಲಯ ತಪ್ಪದಂತೆ ಕಿವಿಗೆ ಕೇಳಿಸುವ ಟಿಕ್‌ಟಿಕ್ ಸದ್ದು, ನಿಮಿಷಕ್ಕೆ 72 ಬಡಿತವೆಂದು ಒಮ್ಮೆ ನಿಂತರೆ, ಹಾಡಿನುದ್ದಕ್ಕೂ 72ರಲ್ಲೇ ಸಾಗುವುದರಿಂದ ಈ ಎಳೆತ, ಓಟ ಎರಡಕ್ಕೂ ಅಲ್ಲಿ ಜಾಗವಿರುವುದಿಲ್ಲ. ಇದಕ್ಕೆ ಉಪಾಯವಿದೆ. ಮೊದಲು ನೀವು ಕ್ಲಿಕ್ ಇಲ್ಲದೆ, ತಂಬೂರಿಯ ಶ್ರುತಿಯನ್ನಷ್ಟೇ ಕಿವಿಯಲ್ಲಿ ಇಟ್ಟುಕೊಂಡು ಪೂರ್ತಿ ಹಾಡಿ. ಆ ಹಾಡುಗಾರಿಕೆಯನ್ನು ಅನುಸರಿಸಿ ಸಾಫ್ಟ್‌ವೇರಿನಲ್ಲಿ ಟೆಂಪೋ ಮ್ಯಾಪ್ ಮಾಡಿಸಿ, ಎಂದರೆ ಪಲ್ಲವಿ 70ರಲ್ಲಿದ್ದು ಚರಣ 74ಕ್ಕೆ ಏರುವುದಾದರೆ ಕ್ಲಿಕ್ ಕೂಡ ಜೊತೆಗೇ ಏರಿಳಿಯುವಂತೆ. ತಬಲಾ, ಕೊಳಲು, ಕೀಬೋರ್ಡ್ ಎಲ್ಲವೂ ಆ ಮ್ಯಾಪಿನ ಮೇಲೆಯೇ ಬರಲಿ, ಅಂತಿಮ ಗಾಯನ ಕೊನೆಗೆ. ಕೆಲಸ ಹೆಚ್ಚೆಂದು ಕೆಲವರು ಗೊಣಗುತ್ತಾರೆ, ಆದರೂ ಬಿಡಬೇಡಿ.

ಉತ್ತರ: ಚಿಕ್ಕಮಗಳೂರಿನ ಗಾಯಕಿ

ಶ್ರುತಿಯ ಕಡೆಗೂ ಗಮನವಿರಲಿ. ಹಳೆಯ ಹಾರ್ಮೋನಿಯಂನ ರೀಡುಗಳು ಎಷ್ಟೋ ವೇಳೆ ಸ್ಥಾನ ತಪ್ಪಿರುತ್ತವೆ. ಅದು ಕರಿ ಎರಡು (ಎರಡನೆಯ ಕಪ್ಪು ಮನೆಯ ಶ್ರುತಿ) ಎಂದು ತೋರಿಸಿದರೂ, ಎ ಸ್ವರವನ್ನು ಸಾಮಾನ್ಯ ಅಳತೆಯಾದ 440 ಹರ್ಟ್ಜ್‌ಗೆ ನಿಲ್ಲಿಸಿದ ಕೀಬೋರ್ಡಿನ ಕರಿ ಎರಡಕ್ಕೆ ಹೊಂದುವುದಿಲ್ಲ. ಟ್ಯೂನರ್ ಆ್ಯಪ್ ಇಟ್ಟು ನೋಡಿ, ವ್ಯತ್ಯಾಸವಿದ್ದರೆ ಮೊದಲೇ ತಿಳಿಸಿ. ಕೊಳಲಿನವರು ಶ್ರುತಿಗೊಂದು ಕೊಳಲು ತರಬೇಕಾಗುತ್ತದೆ, ತಬಲಾವನ್ನೂ ಅದಕ್ಕೇ ಕೂಡಿಸಬೇಕಾಗುತ್ತದೆ. ಮನೆಯಲ್ಲಿ ಅಕ್ಕಪಕ್ಕದವರಿಗೆ ಕೇಳಿಸೀತೆಂದು ತಗ್ಗಿಸಿ ಹಾಡಿದ ಶ್ರುತಿ, ಸ್ಟುಡಿಯೋದಲ್ಲಿ ಗಂಟಲು ಬಿಟ್ಟು ಹಾಡುವಾಗ ತೀರಾ ಕೆಳಗಾಗುವುದೂ ಉಂಟು. ಆದ್ದರಿಂದ ಚರಣದ ತಾರಸ್ಥಾಯಿಯ ಸಾಲನ್ನು ನಿಂತುಕೊಂಡು, ಪೂರ್ಣ ಕಂಠದಲ್ಲಿ ಹಾಡಿ ನೋಡಿದ ಮೇಲೆಯೇ ಶ್ರುತಿಯನ್ನು ಗೊತ್ತುಮಾಡಿಕೊಳ್ಳಿ.

ಉತ್ತರ: ಕಾಫಿತೋಟದ ಕೇಳುಗ

ಡೆಮೋವನ್ನೇ ಬಿಡುಗಡೆ ಮಾಡಬಾರದೇಕೆ? ಅಮೆರಿಕದ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ 1982ರಲ್ಲಿ ಮನೆಯಲ್ಲಿ ಕ್ಯಾಸೆಟ್ ಯಂತ್ರದ ಮೇಲೆ ಮುದ್ರಿಸಿಕೊಂಡ ಹಾಡುಗಳನ್ನು ತಮ್ಮ ವಾದ್ಯತಂಡದೊಡನೆ ಸ್ಟುಡಿಯೋದಲ್ಲಿ ಮತ್ತೆ ಪ್ರಯತ್ನಿಸಿದರು. ಅದು ಒಗ್ಗದೆ, ಮನೆಯ ಮುದ್ರಣವನ್ನೇ ‘ನೆಬ್ರಾಸ್ಕಾ’ ಎಂಬ ಆಲ್ಬಮ್ ಆಗಿ ಹೊರತಂದರು.

ಉತ್ತರ: ಹಾಸನದ ರೆಕಾರ್ಡಿಂಗ್‌ನವ

ನಿಜ. ಆದರೆ ಆ ಯಂತ್ರದಲ್ಲಿ ನಾಲ್ಕು ಟ್ರ್ಯಾಕುಗಳಿದ್ದುದರಿಂದ ಕಂಠವನ್ನೂ ವಾದ್ಯವನ್ನೂ ಬೇರೆಬೇರೆಯಾಗಿ ತೂಗಿಸಲು ಅವಕಾಶವಿತ್ತು. ಮೊಬೈಲಿನ ಫೈಲಿನಲ್ಲಿ ದನಿ, ಹಾರ್ಮೋನಿಯಂ, ಮಳೆ ಎಲ್ಲವೂ ಒಂದರಲ್ಲೇ ಕಲಸಿಹೋಗಿರುತ್ತವೆ. ಸಾಲದ್ದಕ್ಕೆ, ಬಹಳಷ್ಟು ಫೋನುಗಳು ಸದ್ದಿನ ಮಟ್ಟವನ್ನು ತಾವೇ ಸರಿಪಡಿಸುವುದರಿಂದ, ನೀವು ಉಸಿರು ತೆಗೆದುಕೊಳ್ಳಲು ನಿಂತ ಕ್ಷಣದಲ್ಲಿ ಮಳೆ ಇದ್ದಕ್ಕಿದ್ದಂತೆ ಜೋರಾಗುತ್ತದೆ. ಮಳೆ ಬೇಕೇ ಬೇಕೆಂದಿದ್ದರೆ ಅದನ್ನೊಂದೇ ಬೇರೆಯಾಗಿ, 48 ಕಿಲೋಹರ್ಟ್ಜ್, 24 ಬಿಟ್‌ನ, ಗುಣಮಟ್ಟ ಕುಗ್ಗಿಸದ ವೇವ್ (WAV) ಫೈಲಾಗಿ ಮುದ್ರಿಸಿ ತನ್ನಿ. ಮಿಕ್ಸಿಂಗ್ ಹೊತ್ತಿನಲ್ಲಿ ಎಷ್ಟು ಸೇರಿಸಬೇಕೆಂದು ನೋಡಬಹುದು.

ಪ್ರಶ್ನೆ ಕೇಳಿದವರ ಮಾತು

ಟ್ಯೂನರ್ ಇಟ್ಟು ನೋಡಿದೆ: ಗಾಯಕಿಯವರು ಹೇಳಿದಂತೆಯೇ ಹಾರ್ಮೋನಿಯಂ ಸ್ವಲ್ಪ ಇಳಿದಿದೆ. ಅದನ್ನು ಬಿಟ್ಟು ತಂಬೂರಿ ಆ್ಯಪಿಗೆ ಮತ್ತೊಮ್ಮೆ ಹಾಡಿ, ಆ ಫೈಲನ್ನು ಟೆಂಪೋ ಮ್ಯಾಪಿಗಾಗಿ ಸ್ಟುಡಿಯೋದವರಿಗೆ ಮುಂಚಿತವಾಗಿ ಕಳುಹಿಸುತ್ತೇನೆ.