ಕಾಲೇಜು ಪಟ್ಟಿಗೆ ಮೊದಲು ಮನೆಯ ಲೆಕ್ಕ

ಅಮೆರಿಕದಲ್ಲಿ ಮಕ್ಕಳು ಹನ್ನೊಂದನೇ ತರಗತಿಗೆ (ಇಲ್ಲಿನವರ ಮಾತಿನಲ್ಲಿ ಜೂನಿಯರ್ ವರ್ಷಕ್ಕೆ) ಬಂದರೆಂದರೆ ಕನ್ನಡ ಕೂಟದ ಊಟದ ಸಾಲಿನಲ್ಲಿ ನಮ್ಮ ಮಾತಿನ ವರಸೆಯೇ ಬದಲಾಗುತ್ತದೆ. ಕಾಲೇಜು ಪ್ರವೇಶಕ್ಕೆ ಬರೆಯುವ ಎಸ್‌ಎಟಿ ಪರೀಕ್ಷೆಯ ಪಾಠ ಎಲ್ಲಿ ಚೆನ್ನಾಗಿದೆ, ಕನ್ಸಲ್ಟೆಂಟ್ ಇಟ್ಟುಕೊಂಡಿದ್ದೀರಾ, ಬೇಸಿಗೆ ರಜೆಗೆ ಯಾವ ಸಂಶೋಧನಾ ಶಿಬಿರ, ಎಷ್ಟು ಎಪಿ (ಕಾಲೇಜು ಮಟ್ಟದ) ವಿಷಯಗಳು. ಮೊನ್ನೆ ನಮ್ಮವರೊಬ್ಬರು “ಮಗಳು ಈಗ ಜೂನಿಯರ್, ಎಲ್ಲಿಂದ ಶುರು ಮಾಡಲಿ?” ಎಂದು ಕೇಳಿದಾಗ ಬಂದ ಉತ್ತರಗಳೂ ಇದೇ ಜಾಡಿನವು. ಒಬ್ಬರೂ ದುಡ್ಡಿನ ಮಾತೆತ್ತಲಿಲ್ಲ. ನನ್ನ ಪ್ರಕಾರ ಶುರುವಾಗಬೇಕಾದದ್ದು ಅಲ್ಲಿಂದಲೇ. ಉಳಿದದ್ದರಲ್ಲಿ ಬಹುಪಾಲು ಮಕ್ಕಳು ಮಾಡಬೇಕಾದ ಕೆಲಸ. ಇದನ್ನು ಮಾತ್ರ ಅಪ್ಪ ಅಮ್ಮನೇ ಮಾಡಬೇಕು.

ನಮ್ಮ ಮನೆಗಳಲ್ಲಿ ಮಕ್ಕಳಿಗೆ ಸಂಬಳ ಹೇಳುವ ರೂಢಿಯಿಲ್ಲ. “ನೀನು ಓದು, ಫೀಸಿನ ಚಿಂತೆ ನಮಗೆ ಬಿಡು” ಎಂದು ನಮ್ಮ ತಂದೆಯವರು ಹೇಳಿದ್ದನ್ನೇ ನಾವೂ ಹೇಳುತ್ತೇವೆ. ಅವರ ಕಾಲಕ್ಕೆ ಆ ಮಾತು ನಡೆಯಿತು. ಸಿಇಟಿಯಲ್ಲಿ ರ್‍ಯಾಂಕ್ ಬಂತು, ಮಲ್ಲೇಶ್ವರದಲ್ಲಿ ಕೌನ್ಸೆಲಿಂಗ್‌ಗೆ ಹೋಗಿ ಕುಳಿತೆವು, ಪರದೆಯ ಮೇಲೆ ಸೀಟುಗಳು ಖಾಲಿಯಾಗುವುದನ್ನು ಎದೆ ಹಿಡಿದುಕೊಂಡು ನೋಡಿ, ಸರದಿ ಬಂದಾಗ ಉಳಿದದ್ದರಲ್ಲಿ ಒಂದನ್ನು ಆರಿಸಿಕೊಂಡೆವು. ಮೆರಿಟ್ ಸೀಟಿನ ಶುಲ್ಕ ಎಷ್ಟೆಂದು ಮೊದಲೇ ಗೊತ್ತಿರುತ್ತಿತ್ತು. ಆರಿಸಿದ ಕಾಲೇಜು ಒಂದು ಮೆಟ್ಟಿಲು ಮೇಲಾಯಿತೆಂದು ಅಪ್ಪ ಸಾಲ ಮಾಡಬೇಕಾಗುತ್ತಿರಲಿಲ್ಲ.

ಇಲ್ಲಿ ಹಾಗಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕ್ಯಾಂಪಸ್‌ಗಳಲ್ಲಿ ರಾಜ್ಯದ ನಿವಾಸಿಗಳಿಗೆ ಊಟ ವಸತಿ ಸೇರಿ ವರ್ಷಕ್ಕೆ 40 ಸಾವಿರ ಡಾಲರ್ ದಾಟುತ್ತದೆ. ಹೊರರಾಜ್ಯದ ಮಕ್ಕಳಾದರೆ ಅದರ ಮೇಲೆ ಇನ್ನೂ 30 ಸಾವಿರಕ್ಕಿಂತ ಹೆಚ್ಚು. ಹೆಸರಾಂತ ಹಲವು ಖಾಸಗಿ ಕಾಲೇಜುಗಳಲ್ಲಿ ಒಟ್ಟು ವೆಚ್ಚ 90 ಸಾವಿರ ಮೀರಿದೆ. ನಾಲ್ಕು ವರ್ಷಕ್ಕೆ ಲೆಕ್ಕ ಹಾಕಿದರೆ ಎರಡು ಕಾಲೇಜುಗಳ ನಡುವಿನ ಅಂತರವೇ ಎರಡು ಲಕ್ಷ ಡಾಲರ್. ಐವಿ ಲೀಗ್ ಎಂಬ ಗುಂಪಿನ, ಹಾರ್ವರ್ಡ್, ಯೇಲ್ ಸೇರಿದ ಎಂಟು ಸಂಸ್ಥೆಗಳು ಪ್ರತಿಭೆಗೆಂದು ವಿದ್ಯಾರ್ಥಿವೇತನ ಕೊಡುವುದೇ ಇಲ್ಲ; ಕೊಡುವುದೆಲ್ಲ ಕುಟುಂಬದ ಆದಾಯ ಮತ್ತು ಆಸ್ತಿ ನೋಡಿ. ಗಂಡ ಹೆಂಡತಿ ಇಬ್ಬರೂ ಸಾಫ್ಟ್‌ವೇರ್‌ನಲ್ಲಿದ್ದರೆ ಆ ಬಾಗಿಲು ತೆರೆಯುವ ಸಂಭವ ಕಡಿಮೆ. ಹಾಗೆಂದು ಒಬ್ಬರ ಸಂಬಳದಲ್ಲಿ ನಡೆಯುವ ಮನೆಯವರು ಖಾಸಗಿ ಕಾಲೇಜುಗಳನ್ನು ನೋಡದೆಯೇ ಬಿಡುವುದೂ ತಪ್ಪು. ಹಾರ್ವರ್ಡ್ 2025ರಿಂದ ವರ್ಷಕ್ಕೆ 2 ಲಕ್ಷ ಡಾಲರ್‌ವರೆಗಿನ ಆದಾಯದ, ಸಾಧಾರಣ ಆಸ್ತಿಯಿರುವ ಕುಟುಂಬಗಳಿಗೆ ಬೋಧನಾ ಶುಲ್ಕವನ್ನೇ ತೆಗೆದುಹಾಕಿದೆ. ಪ್ರವೇಶ ಸಿಗುವುದು ಬೇರೆ ಮಾತು, ಆದರೆ ಸಿಕ್ಕರೆ ಅದು ಪಕ್ಕದ ಸರ್ಕಾರಿ ವಿಶ್ವವಿದ್ಯಾಲಯಕ್ಕಿಂತ ಅಗ್ಗವಾಗಬಹುದು. ಅಂದಾಜಿನಲ್ಲಿ ಕೂರದೆ ಲೆಕ್ಕ ಹಾಕಬೇಕೆನ್ನುವುದು ಇದಕ್ಕೇ.

ಲೆಕ್ಕ ಹಾಕುವುದು ಸುಲಭ. ಪ್ರತಿ ಕಾಲೇಜಿನ ಜಾಲತಾಣದಲ್ಲೂ ನೆಟ್ ಪ್ರೈಸ್ ಕ್ಯಾಲ್ಕ್ಯುಲೇಟರ್ ಇರಲೇಬೇಕೆಂದು 2011ರಿಂದ ಕಾನೂನೇ ಇದೆ. ಸಂಬಳ, ತೆರಿಗೆ, ಉಳಿತಾಯ ತುಂಬಿಸಿದರೆ ನಿಮ್ಮ ಮನೆಗೆ ಬರಬಹುದಾದ ಬಿಲ್ಲಿನ ಅಂದಾಜು ಸಿಗುತ್ತದೆ. ನನ್ನ ಗೆಳತಿಯೊಬ್ಬಳಿಗೆ ಇದನ್ನು ಹೇಳಿದಾಗ ಅವಳು, “ಅಕ್ಕ, ಈಗಲೇ ದುಡ್ಡು ಎಂದರೆ ಮಗುವಿನ ಆಸೆಗೆ ತಣ್ಣೀರೆರಚಿದ ಹಾಗಾಗುವುದಿಲ್ಲವೇ?” ಎಂದಳು. “ಏಪ್ರಿಲ್‌ನಲ್ಲಿ ಪ್ರವೇಶಪತ್ರ ಕೈಯಲ್ಲಿ ಹಿಡಿದು ಕುಣಿಯುವಾಗ ಎರಚುವುದಕ್ಕಿಂತ ಈಗ ಹೇಳುವುದು ವಾಸಿ ಕಣಮ್ಮ” ಎಂದೆ. ಗಂಡ ಹೆಂಡತಿ ಧೈರ್ಯ ಮಾಡಿ ಮಗಳನ್ನು ಕೂರಿಸಿಕೊಂಡು ಒಂದು ಹಾಳೆಯಲ್ಲಿ ಮೂರು ಸಾಲು ಬರೆದರು: ಓದಿಗೆಂದು ಉಳಿಸುವ 529 ಖಾತೆಯಲ್ಲಿ ಇರುವುದು ಇಷ್ಟು, ತಿಂಗಳ ಸಂಬಳದಿಂದ ಕೊಡಬಹುದಾದದ್ದು ಇಷ್ಟು, ನಾವು ಸಹಿ ಹಾಕುವ ಸಾಲ ಇಷ್ಟರೊಳಗೆ. ಹುಡುಗಿ ಸ್ವಲ್ಪ ಹೊತ್ತು ಹಾಳೆಯನ್ನೇ ನೋಡಿ, “ಬೆಂಗಳೂರಿನ ಫ್ಲ್ಯಾಟ್‌ಗೆ ತಿಂಗಳಿಗೆ ಎಷ್ಟು ಹೋಗುತ್ತದೆ?” ಎಂದು ಕೇಳಿದಳಂತೆ. ಅಪ್ಪ ಅಮ್ಮ ಮುಖ ಮುಖ ನೋಡಿಕೊಂಡರು. ಆ ಕಂತಿನ ವಿಷಯ ಅವಳಿಗೆ ಗೊತ್ತಿದೆಯೆಂದೇ ಅವರಿಗೆ ಗೊತ್ತಿರಲಿಲ್ಲ. ಆಮೇಲೆ ಪಟ್ಟಿಯಿಂದ ನಾಲ್ಕು ಹೆಸರು ಹೊಡೆದುಹಾಕಿದವಳೂ ಅವಳೇ, ಯಾರೂ ಹೇಳದೆ ಎರಡು ಹೊಸ ಹೆಸರು ಸೇರಿಸಿದವಳೂ ಅವಳೇ.

ಸಾಲದ ಸಾಲನ್ನು ಬರೆಯುವಾಗ ಒಂದು ವಿಷಯ ಗಮನದಲ್ಲಿರಲಿ. ವಿದ್ಯಾರ್ಥಿಯ ಹೆಸರಿನಲ್ಲಿ ಸಿಗುವ ಫೆಡರಲ್ (ಕೇಂದ್ರ ಸರ್ಕಾರದ) ಸಾಲ ಮೊದಲ ವರ್ಷಕ್ಕೆ 5,500 ಡಾಲರ್, ನಾಲ್ಕು ವರ್ಷಕ್ಕೆ ಒಟ್ಟು 27 ಸಾವಿರ. ಉಳಿದದ್ದಕ್ಕೆ ಪೋಷಕರು ತೆಗೆಯುತ್ತಿದ್ದ ಪೇರೆಂಟ್ ಪ್ಲಸ್ ಸಾಲಕ್ಕೂ 2026ರ ಜುಲೈನಿಂದ ಮಿತಿ ಬಂದಿದೆ: ಒಬ್ಬ ವಿದ್ಯಾರ್ಥಿಗೆ ವರ್ಷಕ್ಕೆ 20 ಸಾವಿರ, ಒಟ್ಟಾರೆ 65 ಸಾವಿರ. ಅಲ್ಲಿಂದಾಚೆ ಖಾಸಗಿ ಸಾಲವೇ ಗತಿ.

ಜೂನಿಯರ್ ವರ್ಷದ ಇನ್ನೊಂದು ಮರ್ಮ ತೆರಿಗೆಯದು. ಫೆಡರಲ್ ನೆರವು ಕೇಳುವ ಫಾಫ್ಸಾ ಅರ್ಜಿ ತುಂಬುವುದು ಹನ್ನೆರಡನೆಯ ತರಗತಿಯ ಸೀನಿಯರ್ ವರ್ಷದಲ್ಲಾದರೂ ಅದು ನೋಡುವ ಆದಾಯ ಹತ್ತನೆಯ ತರಗತಿಯ ಜನವರಿಯಿಂದ ಹನ್ನೊಂದನೆಯ ತರಗತಿಯ ಡಿಸೆಂಬರ್‌ವರೆಗಿನದು. ಆ ವರ್ಷವೇ ಕಂಪನಿಯ ಷೇರು ಮಾರಿದರೆ, ಊರಿನ ಸೈಟು ಮಾರಿ ಲಾಭ ಬಂದರೆ, ಅದು ಆದಾಯವಾಗಿ ಕುಳಿತುಬಿಡುತ್ತದೆ. ಬಾಡಿಗೆಗೆ ಕೊಟ್ಟ ಮೈಸೂರಿನ ಮನೆಯನ್ನೂ ಆಸ್ತಿಯೆಂದು ತೋರಿಸಬೇಕು. ದೇಶದ ಹೊರಗಿದೆ ಎಂಬ ಕಾರಣಕ್ಕೆ ಬಿಡುವಂತಿಲ್ಲ. ಇಬ್ಬರು ಮಕ್ಕಳು ಒಟ್ಟಿಗೆ ಕಾಲೇಜಿನಲ್ಲಿದ್ದರೆ ಮೊದಲು ಫಾಫ್ಸಾ ಲೆಕ್ಕದಲ್ಲಿ ಸಿಗುತ್ತಿದ್ದ ರಿಯಾಯಿತಿ 2024–25ರಿಂದ ಇಲ್ಲ.

ಇನ್ನು ಎಚ್-4 ವೀಸಾದಲ್ಲಿರುವ, ಎಂದರೆ ಅಪ್ಪ ಅಮ್ಮನ ಎಚ್-1ಬಿ ಕೆಲಸದ ವೀಸಾದ ಅವಲಂಬಿತರಾಗಿರುವ ಮಕ್ಕಳ ವಿಷಯ. ಇದನ್ನು ಬರೆಯುವಾಗ ನನಗೆ ಸಂಕಟವಾಗುತ್ತದೆ, ಆದರೂ ಬರೆಯಲೇಬೇಕು. ಎರಡನೆಯ ವಯಸ್ಸಿಗೆ ಇಲ್ಲಿಗೆ ಬಂದು, ಇಲ್ಲಿನ ಉಚ್ಚಾರಣೆಯಲ್ಲೇ ಮಾತನಾಡುವ ಹುಡುಗನಿಗೆ ತಾನು ಕಾಗದದ ಮೇಲೆ ಬೇರೆಯವನು ಎಂದು ತಿಳಿಯುವುದು ಎಷ್ಟೋ ಸಲ ಹದಿನೇಳನೆಯ ವಯಸ್ಸಿನಲ್ಲಿ, ಶಾಲೆಯಲ್ಲಿ ಎಲ್ಲರೂ ಫಾಫ್ಸಾ ತುಂಬುವಾಗ. ಅವನಿಗೆ ಫೆಡರಲ್ ನೆರವಿಲ್ಲ. ಎಚ್-4ರಲ್ಲಿ ಸಂಬಳದ ಇಂಟರ್ನ್‌ಶಿಪ್ ಮಾಡುವಂತಿಲ್ಲ. ಇಪ್ಪತ್ತೊಂದು ತುಂಬುವುದು ಕಾಲೇಜಿನ ನಡುವಿನಲ್ಲಿ; ಅಷ್ಟರೊಳಗೆ ಇಬಿ-2, ಇಬಿ-3 ವರ್ಗಗಳಲ್ಲಿ ನಮ್ಮ ಗ್ರೀನ್ ಕಾರ್ಡ್ ಸರದಿ ಬರದಿದ್ದರೆ ಎಫ್-1 ಎಂಬ ವಿದ್ಯಾರ್ಥಿ ವೀಸಾಕ್ಕೆ ಬದಲಾಗಬೇಕು. ಕಾಲೇಜಿಗೆ ಸೇರುವಾಗಲೇ ಎಫ್-1 ಮಾಡಿಸಿಕೊಂಡರೆ ಕ್ಯಾಂಪಸ್ಸಿನಲ್ಲಿ ಕೆಲಸ ಮಾಡುವ ಅನುಕೂಲವಿದೆ, ಆದರೆ ಕೆಲವು ರಾಜ್ಯಗಳಲ್ಲಿ ನಿವಾಸಿ ಶುಲ್ಕ ಕೈತಪ್ಪಬಹುದು. ಒಂದೊಂದು ರಾಜ್ಯಕ್ಕೆ ಒಂದೊಂದು ನಿಯಮ, ಹಾಗಾಗಿ ವಿಶ್ವವಿದ್ಯಾಲಯದ ರೆಸಿಡೆನ್ಸಿ ವಿಭಾಗಕ್ಕೆ ಬರೆದು ಲಿಖಿತ ಉತ್ತರ ತರಿಸಿಕೊಳ್ಳಿ. ವಾಟ್ಸ್‌ಆ್ಯಪ್‌ನಲ್ಲಿ ಯಾರೋ ಹೇಳಿದ್ದನ್ನು ನಂಬಿ ಕೂರಬೇಡಿ, ನಾನು ಹೇಳಿದ್ದನ್ನೂ ಸೇರಿಸಿ. ವಿದೇಶಿ ವಿದ್ಯಾರ್ಥಿಗಳಿಗೂ ಆದಾಯ ನೋಡಿ ಪೂರ್ತಿ ನೆರವು ಕೊಡುವ, ನೆರವು ಕೇಳಿದರೆಂದು ಅರ್ಜಿಯನ್ನು ಬದಿಗಿಡದ ಕಾಲೇಜುಗಳು ಬೆರಳೆಣಿಕೆಯಷ್ಟಿವೆ: ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆ್ಯಮ್‌ಹರ್ಸ್ಟ್ ಮುಂತಾದವು. ಇದನ್ನೆಲ್ಲ ಮಗನಿಗೆ ನೀವೇ ಹೇಳಿ. ಶಾಲೆಯ ಕೌನ್ಸೆಲರ್ ಬಾಯಿಂದ ಮೊದಲ ಸಲ ಕೇಳುವಂತೆ ಮಾಡಬೇಡಿ.

ದುಡ್ಡು ಮತ್ತು ಕಾಗದಪತ್ರದ ಮಾತು ಮುಗಿದ ಮೇಲೆ ನಮ್ಮ ಕೆಲಸ ಅರ್ಧಕ್ಕಿಂತ ಹೆಚ್ಚು ಮುಗಿಯಿತು. ಎಸ್‌ಎಟಿ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಅದರ ಬಗ್ಗೆ ನಮ್ಮವರಿಗೆ ಹೇಳಿಕೊಡಬೇಕಾಗಿಲ್ಲ. ಇಷ್ಟು ಸಾಕು: ಎಂಐಟಿ 2022ರಲ್ಲೇ ಪರೀಕ್ಷೆಯನ್ನು ಮತ್ತೆ ಕಡ್ಡಾಯ ಮಾಡಿತು, ಡಾರ್ಟ್‌ಮತ್, ಹಾರ್ವರ್ಡ್, ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯ 2024ರಲ್ಲಿ ಅದೇ ದಾರಿ ಹಿಡಿದವು, ಕ್ಯಾಲಿಫೋರ್ನಿಯಾದ ಯುಸಿ ಕ್ಯಾಂಪಸ್‌ಗಳು ಮಾತ್ರ 1600ಕ್ಕೆ 1600 ತಂದರೂ ಪ್ರವೇಶಕ್ಕೆ ಕಣ್ಣೆತ್ತಿ ನೋಡುವುದಿಲ್ಲ. ಯುಸಿಗೆ ಮುಖ್ಯ ಹತ್ತು ಮತ್ತು ಹನ್ನೊಂದನೆಯ ತರಗತಿಯ ಅಂಕಗಳು. ಹಾಗಿರುವಾಗ ಜೂನಿಯರ್ ವರ್ಷದ ಪ್ರತಿ ಶನಿವಾರವನ್ನೂ ಎಸ್‌ಎಟಿ ಪಾಠಕ್ಕೆ ಕೊಟ್ಟು ಮಗುವಿನ ಕೆಮಿಸ್ಟ್ರಿ ಹಾಳು ಮಾಡುವುದು ಯಾವ ಜಾಣತನವೋ ನನಗೆ ತಿಳಿಯದು.

ಪಟ್ಟಿ ಮಾಡುವಾಗ ಪತ್ರಿಕೆಗಳ ರ್‍ಯಾಂಕಿಂಗ್ ಹಿಡಿದು ಕೂರುವುದು ನಮ್ಮ ಹಳೆಯ ಚಾಳಿ. ಅದಕ್ಕಿಂತ ಕಾಲೇಜಿನ ಹೆಸರಿನ ಜೊತೆ ಕಾಮನ್ ಡೇಟಾ ಸೆಟ್ ಎಂದು ಹುಡುಕಿ. ಹೆಚ್ಚಿನ ಕಾಲೇಜುಗಳು ಪ್ರತಿ ವರ್ಷ ಪ್ರಕಟಿಸುವ ಆ ಕಡತದ ಸಿ ವಿಭಾಗದಲ್ಲಿ ಅಂಕ, ಪ್ರಬಂಧ, ಶಿಫಾರಸು ಪತ್ರ, ಮಗು ತೋರಿಸಿದ ಆಸಕ್ತಿ ಇವುಗಳಲ್ಲಿ ಯಾವುದಕ್ಕೆ ಎಷ್ಟು ಬೆಲೆ ಎಂದು ಕಾಲೇಜೇ ಗುರುತು ಹಾಕಿರುತ್ತದೆ. ಸಾವಿರಾರು ಡಾಲರ್ ಕೇಳುವ ಕನ್ಸಲ್ಟೆಂಟ್ ಮೊದಲ ಭೇಟಿಯಲ್ಲಿ ಹೇಳುವುದರಲ್ಲಿ ಬಹಳಷ್ಟು ಅಲ್ಲಿ ಪುಕ್ಕಟೆ ಇದೆ. ಇನ್ನೊಂದು ಎಚ್ಚರ: ಅರ್ಲಿ ಡಿಸಿಷನ್ ಎಂದರೆ ಸೀಟು ಸಿಕ್ಕರೆ ಸೇರಲೇಬೇಕಾದ ಒಪ್ಪಂದ, ಅದಕ್ಕೆ ಅಪ್ಪ ಅಥವಾ ಅಮ್ಮನ ಸಹಿಯೂ ಬೇಕು. ಬೇರೆ ಕಾಲೇಜಿನ ನೆರವಿನ ಜೊತೆ ಹೋಲಿಸಿ ನೋಡುವ ಅವಕಾಶ ಅಲ್ಲಿಗೆ ಮುಗಿಯಿತು. ಮೇಲೆ ಹೇಳಿದ ಹಾಳೆ ಬರೆಯದ ಮನೆಯವರು ಆ ಸಹಿ ಹಾಕಲೇಬಾರದು.

ಕ್ಯಾಂಪಸ್ ನೋಡಲು ಹೋದಾಗ ನಮ್ಮವರನ್ನು ಗುರುತಿಸುವುದು ಸುಲಭ. ಮಾರ್ಗದರ್ಶಕ ವಿದ್ಯಾರ್ಥಿಯ ಪಕ್ಕದಲ್ಲಿ ಅಪ್ಪ, “ಓದು ಮುಗಿದವರಿಗೆ ಸರಾಸರಿ ಸಂಬಳ ಎಷ್ಟು?” ಎಂದು ಕೇಳುತ್ತಿರುತ್ತಾರೆ. ಅಮ್ಮ ಊಟದ ಮನೆಯಲ್ಲಿ ಸಸ್ಯಾಹಾರ ಹುಡುಕುತ್ತಿರುತ್ತಾರೆ. ಮಗಳು ಇವರಿಬ್ಬರೂ ತನಗೆ ಸಂಬಂಧವೇ ಇಲ್ಲವೆಂಬಂತೆ ಹತ್ತು ಹೆಜ್ಜೆ ಮುಂದಿರುತ್ತಾಳೆ. ಬೇಕಾದರೆ ಪೋಷಕರು ಬೇರೆ ಗುಂಪಿನಲ್ಲಿ ಸುತ್ತಿ. ಪ್ರಶ್ನೆ ಅವಳು ಕೇಳಲಿ, ಕೇಳದಿದ್ದರೂ ಪರವಾಗಿಲ್ಲ. ಸಸ್ಯಾಹಾರ ಹುಡುಕುವುದನ್ನು ಮಾತ್ರ ನಾನು ತಪ್ಪೆನ್ನುವುದಿಲ್ಲ, ನಾಲ್ಕು ವರ್ಷ ಊಟ ಮಾಡಬೇಕಲ್ಲ.

ಪ್ರಬಂಧಕ್ಕೆ ಕೈ ಹಾಕಬೇಡಿ. ಹಲವು ಕಾಲೇಜುಗಳಿಗೆ ಒಂದೇ ಅರ್ಜಿಯಾದ ಕಾಮನ್ ಆ್ಯಪ್‌ನಲ್ಲಿ 650 ಪದ, ಯುಸಿಗೆ 350 ಪದಗಳ ನಾಲ್ಕು ಉತ್ತರ. ನಲವತ್ತೈದರ ಅಪ್ಪ ತಿದ್ದಿದ ವಾಕ್ಯ ಹದಿನೇಳರ ಹುಡುಗಿಯ ಬರಹದಲ್ಲಿ ಎದ್ದು ಕಾಣುತ್ತದೆ.

ಬರೆಯಲೇಬೇಕೆಂಬ ಆಸೆಯಿದ್ದರೆ ನಮಗೂ ಒಂದು ಕಾಗದವಿದೆ. ಹಲವು ಶಾಲೆಗಳು ಜೂನಿಯರ್ ವರ್ಷದ ವಸಂತದಲ್ಲಿ ಪೋಷಕರಿಗೆ ಒಂದು ಪ್ರಶ್ನಾವಳಿ ಕಳುಹಿಸುತ್ತವೆ. ಬ್ರ್ಯಾಗ್ ಶೀಟ್ ಎನ್ನುತ್ತಾರೆ. ಒಬ್ಬೊಬ್ಬ ಕೌನ್ಸೆಲರ್ ತಲೆಯ ಮೇಲೆ ಮುನ್ನೂರು, ನಾನೂರು ಮಕ್ಕಳಿರುವ ಶಾಲೆಗಳಲ್ಲಿ ಶಿಫಾರಸು ಪತ್ರಕ್ಕೆ ಇದೇ ಕಚ್ಚಾ ಸರಕು. ನಮ್ಮ ಪರಿಚಯದವರೊಬ್ಬರು ಅದರಲ್ಲಿ ಮಗ ಶಿಸ್ತಿನವನು, ಶ್ರಮಜೀವಿ, ಹಿರಿಯರಿಗೆ ವಿಧೇಯ, ನಾಯಕತ್ವದ ಗುಣವುಳ್ಳವನು ಎಂದು ಬರೆದಿದ್ದರು. ಎಸ್‌ಎಸ್‌ಎಲ್‌ಸಿ ಮುಗಿದಾಗ ನಮ್ಮ ಹೆಡ್‌ಮಾಸ್ಟರ್ ಕೊಟ್ಟ ನಡತೆ ಪ್ರಮಾಣಪತ್ರದ ಹಾಗೆ. ಅದೇ ಹುಡುಗ ಹಿಂದಿನ ರಾಜ್ಯೋತ್ಸವದ ಊಟದಲ್ಲಿ ಏನು ಮಾಡಿದನೆಂದು ನಮಗೆಲ್ಲ ಗೊತ್ತು. ಬಿಸಿಬೇಳೆಬಾತ್ ಮತ್ತು ಮೊಸರನ್ನ ಒಂದೇ ಮೇಜಿನಲ್ಲಿದ್ದುದರಿಂದ ಸಾಲು ಬಾಗಿಲಾಚೆ ಹೋಗಿತ್ತು. ಅವನು ಯಾರನ್ನೂ ಕೇಳದೆ ಮೊಸರನ್ನದ ಪಾತ್ರೆಯನ್ನು ಇನ್ನೊಂದು ಮೂಲೆಗೆ ಹೊತ್ತೊಯ್ದು, ವಯಸ್ಸಾದವರನ್ನೂ ಪುಟ್ಟ ಮಕ್ಕಳಿರುವವರನ್ನೂ ಅತ್ತ ಕಳುಹಿಸಿ, ಖಜಾಂಚಿಯವರ ಬೈಗುಳ ತಿಂದು, ಸುಮ್ಮನೆ ಬಡಿಸುತ್ತ ನಿಂತಿದ್ದ. “ನಾಯಕತ್ವ ಹೊಡೆದುಹಾಕಿ, ಮೊಸರನ್ನ ಬರೆಯಿರಿ” ಎಂದು ಅವರಿಗೆ ಹೇಳಿದೆವು. ಬೈಗುಳದ ಸಮೇತ ಬರೆದರು.

ಭಾನುವಾರದ ಕನ್ನಡ ಕಲಿ ತರಗತಿಯಲ್ಲಿ ಚಿಕ್ಕವರಿಗೆ ಅಕ್ಷರ ಹೇಳಿಕೊಡುವ ಮಕ್ಕಳು ಅದನ್ನು ಅರ್ಜಿಯಲ್ಲಿ ಹಾಕಲು ಸಂಕೋಚಪಡುತ್ತಾರೆ. ಕಾಮನ್ ಆ್ಯಪ್‌ನಲ್ಲಿ ಹತ್ತು ಚಟುವಟಿಕೆಗಳಿಗೆ ಜಾಗವಿದೆ. ವರ್ಷಗಟ್ಟಲೆ ಮಾಡಿದ ಕೆಲಸ ಅದರಲ್ಲಿ ಧಾರಾಳವಾಗಿ ಕೂರಬಹುದು. ರಂಗಪ್ರವೇಶಕ್ಕೂ ಜಾಗವಿದೆ. ಆದರೆ ಜೂನಿಯರ್ ಮುಗಿದ ಬೇಸಿಗೆಗೆ ರಂಗಪ್ರವೇಶ ಇಟ್ಟುಕೊಂಡವರು ಪ್ರಬಂಧದ ಮೊದಲ ಕರಡು ಅದಕ್ಕೂ ಮುಂಚೆ ಮುಗಿಯುವಂತೆ ನೋಡಿಕೊಳ್ಳಿ, ಆಗಸ್ಟ್ 1ಕ್ಕೆ ಕಾಮನ್ ಆ್ಯಪ್ ತೆರೆದುಕೊಳ್ಳುತ್ತದೆ. ಶಿಫಾರಸು ಪತ್ರಕ್ಕೆ ಇಬ್ಬರು ಶಿಕ್ಷಕರನ್ನು ಮಗುವೇ ಹೋಗಿ ಕೇಳಬೇಕು, ಅದೂ ಬೇಸಿಗೆ ರಜೆಗೆ ಮುಂಚೆ.

ಕೊನೆಯದಾಗಿ ನೆಂಟರಿಷ್ಟರ ವಿಷಯ. ಊರಿನಲ್ಲಿರುವ ಅಜ್ಜಿ ತಾತ, “ಮೆಡಿಕಲ್ ಯಾಕೆ ಬೇಡವಂತೆ?” ಎಂದು ಕೇಳಿಯೇ ಕೇಳುತ್ತಾರೆ. ಇಲ್ಲಿ ಮೆಡಿಕಲ್ ಎಂದರೆ ಸಾಮಾನ್ಯವಾಗಿ ನಾಲ್ಕು ವರ್ಷದ ಪದವಿಯ ಮೇಲೆ ಇನ್ನೂ ನಾಲ್ಕು ವರ್ಷ ಎಂದು ನೀವೇ ಹೇಳಿ, ಮಗುವಿನ ಕೈಗೆ ಫೋನು ಕೊಟ್ಟು ಸಿಕ್ಕಿಸಬೇಡಿ. ಪಾಟ್‌ಲಕ್‌ಗಳಲ್ಲಿ “ಎಲ್ಲೆಲ್ಲಿ ಹಾಕುತ್ತಿದ್ದಾನೆ?” ಎಂದು ಕೇಳುವವರಿಗೆ ಏನು ಹೇಳಬೇಕೆಂದು ಮಗುವಿನ ಜೊತೆ ಮೊದಲೇ ಮಾತಾಡಿಕೊಳ್ಳಿ. ನಮ್ಮ ಮನೆಯಲ್ಲಿ ಒಪ್ಪಿತವಾದ ಉತ್ತರ “ಇನ್ನೂ ನೋಡುತ್ತಿದ್ದಾನೆ” ಎಂಬುದಷ್ಟೇ. ಸೇರುವ ಕಾಲೇಜು ಯಾವುದೆಂದು ಸಾಮಾನ್ಯವಾಗಿ ತಿಳಿಸಬೇಕಾದ ಕೊನೆಯ ದಿನ, ಮೇ 1ರವರೆಗೂ ಅದೇ ಉತ್ತರ. ಮತ್ತೆ ಮತ್ತೆ ಕೇಳುವವರ ತಟ್ಟೆಗೆ ಇನ್ನೊಂದು ಹೋಳಿಗೆ ಹಾಕುತ್ತೇವೆ.