ಕುಲಗೋತ್ರ ಕೇಳದ ದಾನ

"ಹೋದ ವರ್ಷದ ಆ್ಯಂಟಿಬಯಾಟಿಕ್ ಎರಡು ಉಳಿದಿತ್ತು, ನುಂಗಿಬಿಟ್ಟೆ" ಎಂದ ನಾಗರಾಜ, ಹೊಟ್ಟೆ ಸವರಿಕೊಳ್ಳುತ್ತಾ.

ಮೈಕ್ರೋಬಯಾಲಜಿ ಪಾಠ ಮಾಡುವ ಶಶಿಗೆ ಇಷ್ಟು ಸಾಕಿತ್ತು. "ಅದರಲ್ಲಿ ಸಾಯೋದು ಬಡಪಾಯಿ ಬ್ಯಾಕ್ಟೀರಿಯಾಗಳು ಕಣೋ. ಒಳ್ಳೇ ಪ್ಲಾಸ್ಮಿಡ್ ಇಟ್ಟುಕೊಂಡವು ಆರಾಮಾಗಿರುತ್ತವೆ."

"ಅದೇನು, ರೇಷನ್ ಕಾರ್ಡಾ?"

"ಡಿಎನ್‌ಎ ತುಂಡು. ಸಾಮಾನ್ಯವಾಗಿ ಉಂಗುರದ ಆಕಾರ. ಬ್ಯಾಕ್ಟೀರಿಯಾದ ಮುಖ್ಯ ಡಿಎನ್‌ಎ ಬೇರೆ, ಇದು ಬೇರೆ. ಔಷಧಿಗೆ ಜಗ್ಗದಿರುವ ಜೀನ್‌ಗಳು ಎಷ್ಟೋ ಸಲ ಇದರಲ್ಲೇ ಇರುತ್ತವೆ. ಕೆಲವು ಪ್ಲಾಸ್ಮಿಡ್‌ಗಳಿಗೆ ಊರು ಸುತ್ತುವ ವಿದ್ಯೆಯೂ ಗೊತ್ತು. ಬ್ಯಾಕ್ಟೀರಿಯಾ ಪೈಲಸ್ ಅನ್ನೋ ಎಳೆ ಚಾಚಿ ಪಕ್ಕದವನನ್ನು ಹತ್ತಿರ ಎಳೆದುಕೊಳ್ಳುತ್ತದೆ. ಪ್ಲಾಸ್ಮಿಡ್ಡಿನ ಎರಡು ಎಳೆಗಳಲ್ಲಿ ಒಂದು ಆ ಕಡೆ ದಾಟುತ್ತದೆ. ಆಮೇಲೆ ಎರಡೂ ಕಡೆ ಜೋಡಿ ಎಳೆ ತಯಾರು."

"ಕೊಟ್ಟವನಿಗೆ ನಷ್ಟ ಇಲ್ವಾ?"

"ಹೆಪ್ಪು ಕೊಟ್ಟರೆ ಮೊಸರು ಖಾಲಿ ಆಗುತ್ತಾ? ಇಸಕೊಂಡವರೂ ನಾಳೆ ಇನ್ನೊಬ್ಬರಿಗೆ ಕೊಡಬಹುದು."

"ನಮ್ಮ ಪಕ್ಕದ ಮನೆಯವರು ಅದನ್ನೂ ಕೊಡಲ್ಲ" ಎಂದಳು ಗೀತಾ. "ಹೋಗಲಿ, ಇವು ಕೊಡೋದು ಬರೀ ಸ್ವಂತ ಜಾತಿಗಾ?"

"ಕುಲಗೋತ್ರ ಕೇಳೋದೇ ಇಲ್ಲ. 1950ರ ದಶಕದಲ್ಲಿ ಜಪಾನಿನಲ್ಲಿ ಆಮಶಂಕೆ ತರುವ ಶಿಗೆಲ್ಲಾ ಬ್ಯಾಕ್ಟೀರಿಯಾಗೆ ನಾಲ್ಕು ಔಷಧಿ ಒಟ್ಟಿಗೇ ನಾಟದೆ ಹೋದವು. ಸಲ್ಫಾ, ಸ್ಟ್ರೆಪ್ಟೊಮೈಸಿನ್, ಟೆಟ್ರಾಸೈಕ್ಲಿನ್, ಕ್ಲೋರಾಂಫೆನಿಕಾಲ್. ರೋಗಿಗಳ ಹೊಟ್ಟೆಯ ಇ. ಕೋಲಿ ಅನ್ನೋ ಬೇರೆ ಬ್ಯಾಕ್ಟೀರಿಯಾ ನೋಡಿದರೆ ಅದಕ್ಕೂ ಅದೇ ನಾಲ್ಕು ನಾಟಲ್ಲ! 1959ರಲ್ಲಿ ಒಚಿಯಾಯ್ ಮತ್ತು ಅಕಿಬಾ ಅನ್ನುವವರ ತಂಡಗಳು ಗುಟ್ಟು ಹಿಡಿದವು. ಎರಡನ್ನೂ ಒಟ್ಟಿಗೆ ಬೆಳೆಸಿದರೆ, ನಾಲ್ಕೂ ಗುಣ ಒಂದೇ ಗಂಟಾಗಿ ಇದರಿಂದ ಅದಕ್ಕೆ ಹೋಗುತ್ತಿತ್ತು."

ವಿಕಾಸ ಅಂದರೆ ಅಪ್ಪನಿಂದ ಮಗನಿಗೆ, ತಲೆಮಾರುಗಟ್ಟಲೆ ಅಂತ ನಾವು ಓದಿದ್ದು. ಇವು ಊಟದ ಹೊತ್ತಿಗೆ ಮುಗಿಸಿಬಿಡುತ್ತವೆ.

"ಅಂದ್ರೆ ನನ್ನ ಹೊಟ್ಟೆಯ ಸಾಧು ಇ. ಕೋಲಿಯೇ ಕಳ್ಳನಿಗೆ ಸಪ್ಲೈ ಮಾಡಬಹುದಾ?" ನಾಗರಾಜನ ಮುಖ ಸಣ್ಣಗಾಯಿತು.

"ಧಾರಾಳವಾಗಿ."

"ಔಷಧಿ ನಿಂತ ಮೇಲೆ ಆ ಹೊರೆ ಯಾಕೆ ಬೇಕು? ಎಸೆಯಲ್ವಾ?" ಗೀತಾ ಬಿಡುವವಳಲ್ಲ.

"ಕೆಲವು ಎಸೆಯುತ್ತವೆ. ಆದರೆ ಕೆಲವು ಪ್ಲಾಸ್ಮಿಡ್ ಮಹಾ ಪಾಕಡಾ. ಇ. ಕೋಲಿಯ ಎಫ್ ಪ್ಲಾಸ್ಮಿಡ್ ವಿಷವನ್ನೂ ಮಾಡಿಸುತ್ತದೆ, ಅದಕ್ಕೆ ಮದ್ದನ್ನೂ ಮಾಡಿಸುತ್ತದೆ. ಮದ್ದು ಬೇಗ ಹಾಳಾಗುತ್ತದೆ, ವಿಷ ಜಾಸ್ತಿ ಹೊತ್ತು ಇರುತ್ತದೆ. ಕೋಶ ಎರಡಾದಾಗ ಪ್ಲಾಸ್ಮಿಡ್ ಸಿಗದ ಮರಿಗೆ ಹೊಸ ಮದ್ದು ಇಲ್ಲ. ಹಳೇ ವಿಷವೇ ಅದನ್ನು ಮುಗಿಸುತ್ತದೆ."

"ಥೂ, ಬಿಟ್ಟು ಹೋದರೆ ಸಾಯಿಸ್ತೀನಿ ಅನ್ನೋ ಗಿರಾಕಿ!"

"ವಿಜ್ಞಾನಿಗಳು ಅದನ್ನು ಅಡಿಕ್ಷನ್ ಅಂತಲೇ ಕರೆಯುತ್ತಾರೆ" ಎಂದ ಶಶಿ.

ಮೂರನೇ ಕಾಫಿಗೆ ಕೈ ಎತ್ತಿದ್ದ ನಾಗರಾಜ, ತಲೆ ಕೆರೆದುಕೊಂಡಂತೆ ಮಾಡಿ ಕೈ ಇಳಿಸಿದ.