ರಾತ್ರಿ ಸೈಕಲ್‌ಗೆ ಯಾವ ಲೈಟ್ ಒಳ್ಳೆಯದು? ಅನುಭವ ಇದ್ದವರು ಹೇಳಿ

ಕೆಲಸ ಮುಗಿಸಿ ರಾತ್ರಿ ಔಟರ್ ರಿಂಗ್ ರೋಡ್‌ನಲ್ಲಿ ಸೈಕಲ್ ತುಳಿದು ಮನೆಗೆ ಬರುತ್ತೇನೆ. ಹಿಂದಿನಿಂದ ಬರುವ ಗಾಡಿಯವರಿಗೆ ನಾನು ಕಾಣುತ್ತೇನೋ ಇಲ್ಲವೋ ಅಂತ ಭಯ. ಎಷ್ಟು ಲುಮೆನ್ (ಬೆಳಕಿನ ಅಳತೆ) ಲೈಟ್ ತಗೊಳ್ಳಲಿ?

ಉತ್ತರ: ಲುಮೆನ್ ಆಮೇಲೆ ನೋಡೋಣ. ಹಿಂದಿನ ಕೆಂಪು ಲೈಟ್ ಎಲ್ಲಿ ಕಟ್ಟುತ್ತೀರಿ ಅನ್ನೋದು ಮೊದಲು. ಸೀಟಿನ ಕೆಳಗೆ ಕಟ್ಟಿದರೆ ಎಷ್ಟೋ ಸಲ ಜಾಕೆಟ್ಟೋ ಬ್ಯಾಗೋ ಅದನ್ನು ಮುಚ್ಚಿಬಿಡುತ್ತದೆ. ಮನೆಯಲ್ಲಿ ಯಾರನ್ನಾದರೂ ನಿಮ್ಮ ಬ್ಯಾಗ್ ಹಾಕಿಸಿ ಸೈಕಲ್ ಮೇಲೆ ಕೂರಿಸಿ. ಕತ್ತಲಲ್ಲಿ ದೂರ ನಿಂತು ನೋಡಿ, ಗೊತ್ತಾಗುತ್ತದೆ.

ಮಿಣಮಿಣ ಅನ್ನುವ ಲೈಟ್ ಬೇಗ ಕಣ್ಣಿಗೆ ಬೀಳುತ್ತದೆ. ಆದರೆ ನೀವು ಎಷ್ಟು ದೂರ ಇದ್ದೀರಿ ಅಂತ ಡ್ರೈವರ್‌ಗೆ ಅಂದಾಜು ಸಿಗುವುದು ಒಂದೇ ಸಮ ಉರಿಯುವ ಲೈಟಿನಿಂದ. ಅದಕ್ಕೇ ನಾನು ಎರಡು ಇಟ್ಟಿದ್ದೇನೆ. ಸೀಟಿನ ಕಂಬಕ್ಕೆ ಕಟ್ಟಿದ್ದು ಒಂದೇ ಸಮ ಉರಿಯುತ್ತದೆ, ಹೆಲ್ಮೆಟ್ ಹಿಂದಿನದು ಮಿನುಗುತ್ತದೆ. ದಾರಿಯಲ್ಲಿ ಒಂದರ ಚಾರ್ಜ್ ಮುಗಿದರೂ ಇನ್ನೊಂದು ಇರುತ್ತದೆ ಅಲ್ವಾ?

ಇನ್ನೊಂದು, ಖರ್ಚೂ ಕಡಿಮೆ. ಎರಡೂ ಕಣಕಾಲಿಗೆ ರಿಫ್ಲೆಕ್ಟರ್ ಪಟ್ಟಿ ಸುತ್ತಿಕೊಳ್ಳಿ. ಬರೀ ಕೆಂಪು ಚುಕ್ಕೆ ಸ್ಕೂಟರಿನದೂ ಇರಬಹುದು, ದೂರದ ಕಾರಿನದೂ ಇರಬಹುದು. ಮೇಲೆ ಕೆಳಗೆ ಆಡುವ ಕಾಲು ಕಂಡರೆ ಅದು ಸೈಕಲ್ಲೇ ಅಂತ ಡ್ರೈವರ್‌ಗೆ ತಕ್ಷಣ ಹೊಳೆಯುತ್ತದೆ. ಎದೆಯ ಮೇಲಿನ ಪಟ್ಟಿಗಿಂತ ಇದು ಜಾಸ್ತಿ ಕೆಲಸ ಮಾಡುತ್ತದೆ.

ಮುಂದಿನ ಬಿಳಿ ಲೈಟನ್ನು ಸ್ವಲ್ಪ ನೆಲದ ಕಡೆ ಬಗ್ಗಿಸಿ. ಎದುರಿನವರ ಕಣ್ಣಿಗೆ ಹೊಡೆದರೆ ಅವರಿಗೆ ರಸ್ತೆಯೇ ಕಾಣುವುದಿಲ್ಲ.

ಮೈಸೂರಿನಿಂದ ಇನ್ನೊಂದು ಉತ್ತರ: ರಿಫ್ಲೆಕ್ಟರ್ ಹಾಕಿ, ಆದರೆ ಅದನ್ನೇ ನಂಬಬೇಡಿ. ಹೆಡ್‌ಲೈಟ್ ಬಿದ್ದರೆ ಮಾತ್ರ ಅದು ಹೊಳೆಯುತ್ತದೆ. ಅಡ್ಡರಸ್ತೆಯಿಂದ ನುಗ್ಗುವ ಕಾರಿನ ಬೆಳಕು ನಿಮ್ಮ ಮೇಲೆ ಬೀಳುವಷ್ಟರಲ್ಲಿ ಅದು ಹತ್ತಿರ ಬಂದಿರುತ್ತದೆ. ಚಕ್ರದ ಕಡ್ಡಿಗೆ ಸಣ್ಣ ಲೈಟ್ ಕಟ್ಟಿದರೆ ಪಕ್ಕದಿಂದಲೂ ಕಾಣುತ್ತೀರಿ. ಟೈರಿಗೆ ಒರೆಸಿಕೊಂಡು ತಿರುಗುವ ಹಳೇ ಡೈನಮೋ ಸಿಗ್ನಲ್‌ನಲ್ಲಿ ನಿಂತ ಕೂಡಲೇ ಆರಿಹೋಗುತ್ತದೆ. ಅದು ಬೇಡ.

ಡೆನ್ಮಾರ್ಕಿನಿಂದ ಮತ್ತೊಂದು: ಲೈಟ್ ಹಗಲಲ್ಲೂ ಹಾಕಿ. ಇಲ್ಲಿನ ಓಡೆನ್ಸೆ ಊರಿನಲ್ಲಿ 2004-05ರಲ್ಲಿ 3,845 ಸೈಕಲ್ ಸವಾರರನ್ನು ಒಂದು ವರ್ಷ ಗಮನಿಸಿದರು. ಸುಮಾರು ಅರ್ಧ ಜನರಿಗೆ ಹಗಲೂ ರಾತ್ರಿ ಉರಿಯುವ ಲೈಟ್ ಕೊಟ್ಟಿದ್ದರು. ಚಕ್ರದ ಕಡ್ಡಿಗೆ ಅಯಸ್ಕಾಂತ ಕಟ್ಟಿರುತ್ತದೆ, ಚಕ್ರ ತಿರುಗಿದಾಗ ಅದರಿಂದಲೇ ಲೈಟ್ ಉರಿಯುತ್ತದೆ, ಬ್ಯಾಟರಿಯೇ ಬೇಡ. ಪೆಟ್ಟು ಬೀಳುವಂಥ ಅಪಘಾತ ಒಟ್ಟಾರೆ ಲೈಟ್ ಇದ್ದವರಲ್ಲಿ ಶೇ. 19ರಷ್ಟು ಕಡಿಮೆ ಇತ್ತು. ನಿಮ್ಮಲ್ಲಿ ಮೋಡ ಕವಿದ ಮಳೆಗಾಲದ ಸಂಜೆಗೆ ಇದು ತುಂಬಾ ಬೇಕು. ಕತ್ತಲಾಗಲಿ ಅಂತ ಕಾಯಬೇಡಿ, ಆಫೀಸಿನ ಗೇಟಿನಲ್ಲೇ ಸ್ವಿಚ್ ಒತ್ತಿ ಹೊರಡಿ.